ಮಾನಿಟರ್‌ನ ಕಪ್ಪು ಚುಕ್ಕೆ ಮತ್ತು ಎರಡು ಸಲ ಕರಗಿದ ಪುಡಿ: ಫ್ರೀಡ್ರಿಷ್ ರೈನಿಟ್ಜರ್ ಕಥೆ

ಅರ್ಧ ಲಕ್ಷಕ್ಕೂ ಹೆಚ್ಚು ಕೊಟ್ಟು ಅಲ್ಟ್ರಾವೈಡ್ ಮಾನಿಟರ್ ತರಿಸಿಕೊಂಡಿದ್ದೀರಿ. ಪೆಟ್ಟಿಗೆ ಬಿಚ್ಚಿ, ಕೇಬಲ್ ಸಿಕ್ಕಿಸಿ, ಸ್ವಿಚ್ ಹಾಕಿದ್ದೀರಿ. ಬಿಳಿ ಪರದೆಯ ಒಂದು ಮೂಲೆಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಕಪ್ಪು ಚುಕ್ಕೆ. ಒರೆಸಿದರೆ ಹೋಗುವುದಿಲ್ಲ. ಒಮ್ಮೆ ಕಂಡಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಆಗ ಸಲಹೆಗಳ ಸುರಿಮಳೆಯಾಗುತ್ತದೆ. ಬೆರಳಿನಿಂದ ಒತ್ತಿ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ ಒಬ್ಬರು. ರಾತ್ರಿಯಿಡೀ ಬಣ್ಣ ಮಿನುಗುವ ವಿಡಿಯೋ ಹಾಕಿಡಿ ಎನ್ನುತ್ತಾರೆ ಇನ್ನೊಬ್ಬರು. ಈಗಲೇ ವಾಪಸ್ ಕೊಡದಿದ್ದರೆ ಅದು ಪಕ್ಕಕ್ಕೆಲ್ಲ ಹರಡುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಇವುಗಳಲ್ಲಿ ಯಾವುದು ನಿಜ ಎಂದು ತಿಳಿಯಬೇಕಾದರೆ ಆ ಪರದೆಯೊಳಗೆ ಇರುವ ವಸ್ತು ಏನು ಎಂದು ಗೊತ್ತಿರಬೇಕು. ಆ ವಸ್ತುವಿನ ವಿಚಿತ್ರ ಗುಣವನ್ನು ಮೊದಲು ಗುರುತಿಸಿದವರು ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಅಲ್ಲ, ಗಿಡಗಳನ್ನು ಅಧ್ಯಯನ ಮಾಡುತ್ತಿದ್ದ ಒಬ್ಬ ವಿಜ್ಞಾನಿ. ಅವರ ಮುಂದೆಯೂ ಒಂದು ದೋಷದಂಥ ಸಂಗತಿ ಇತ್ತು. ಅದು ನಿಜವಾಗಿಯೂ ದೋಷವೇ ಎಂದು ಅವರು ಪರೀಕ್ಷಿಸಿದ ರೀತಿಯನ್ನು ಇಲ್ಲಿ ಹೇಳುತ್ತೇವೆ.

ಪ್ರಾಗ್‌ನ ಸಸ್ಯವಿಜ್ಞಾನಿ

ಫ್ರೀಡ್ರಿಷ್ ರೈನಿಟ್ಜರ್ ಹುಟ್ಟಿದ್ದು 1857ರ ಫೆಬ್ರವರಿ 25ರಂದು, ಪ್ರಾಗ್ ನಗರದಲ್ಲಿ. ಇಂದು ಅದು ಚೆಕ್ ಗಣರಾಜ್ಯದ ರಾಜಧಾನಿ. ಆಗ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಗೆ ಸೇರಿತ್ತು. ಊರಿನಲ್ಲಿ ಚೆಕ್ ಮತ್ತು ಜರ್ಮನ್ ಎರಡೂ ಭಾಷೆಯ ಜನರಿದ್ದರು. ರೈನಿಟ್ಜರ್ ಜರ್ಮನ್ ಮಾತನಾಡುವವರ ಕಡೆಯವರು. ಅಲ್ಲಿಯೇ ರಸಾಯನವಿಜ್ಞಾನ ಓದಿ, ನಂತರ ಸಸ್ಯಗಳ ರಸಾಯನವಿಜ್ಞಾನದ ಕಡೆಗೆ ತಿರುಗಿದರು.

ಗಿಡಗಳಲ್ಲಿ ಏನೇನು ವಸ್ತುಗಳಿವೆ, ಅವು ಒಂದಕ್ಕೊಂದು ಹೇಗೆ ಸಂಬಂಧಪಟ್ಟಿವೆ ಎಂಬುದು ಆ ಕಾಲದ ದೊಡ್ಡ ಪ್ರಶ್ನೆಯಾಗಿತ್ತು. ಕ್ಯಾರೆಟ್‌ನಲ್ಲಿ ಕೊಲೆಸ್ಟ್ರಾಲನ್ನು ಹೋಲುವ ಒಂದು ವಸ್ತು ಇದೆ ಎಂದು ಗೊತ್ತಾಗಿತ್ತು. ಅದರ ಬಗ್ಗೆ ಹೆಚ್ಚು ತಿಳಿಯಬೇಕಾದರೆ ಮೊದಲು ಕೊಲೆಸ್ಟ್ರಾಲ್ ಏನೆಂದು ಸರಿಯಾಗಿ ಗೊತ್ತಾಗಬೇಕಿತ್ತು. ರೈನಿಟ್ಜರ್ ಆ ಕೆಲಸ ಹಿಡಿದರು.

ಇಂದು ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಎಂಬ ಹೆಸರು ನೋಡದವರು ಕಡಿಮೆ. ಆದರೆ 1880ರ ದಶಕದಲ್ಲಿ ಅದರ ಒಂದು ಅಣುವಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬುದೇ ಖಚಿತವಾಗಿರಲಿಲ್ಲ. 27 ಕಾರ್ಬನ್, 46 ಹೈಡ್ರೋಜನ್, 1 ಆಕ್ಸಿಜನ್ ಎಂಬ ಸರಿಯಾದ ಲೆಕ್ಕವನ್ನು 1888ರಲ್ಲಿ ಕೊಟ್ಟವರು ಇದೇ ರೈನಿಟ್ಜರ್. ಅಷ್ಟಕ್ಕೇ ನಿಂತಿದ್ದರೂ ಅವರ ಹೆಸರು ರಸಾಯನವಿಜ್ಞಾನದ ಪುಸ್ತಕಗಳಲ್ಲಿ ಉಳಿಯುತ್ತಿತ್ತು.

ಎರಡು ಸಲ ಕರಗಿದ ಪುಡಿ

ಕೊಲೆಸ್ಟ್ರಾಲ್‌ನ ಗುಣ ತಿಳಿಯಲು ಅವರು ಅದನ್ನು ಬೇರೆ ಆಮ್ಲಗಳೊಂದಿಗೆ ಸೇರಿಸಿ ಹೊಸ ಸಂಯುಕ್ತಗಳನ್ನು ಮಾಡಿದರು. ಅವುಗಳಲ್ಲಿ ಒಂದು ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ಬಿಳಿ ಪುಡಿ. ಅದನ್ನು ಬಿಸಿ ಮಾಡಿ, ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ಅಳೆಯಬೇಕಿತ್ತು. ರಸಾಯನವಿಜ್ಞಾನಿಗಳಿಗೆ ಇದು ದಿನನಿತ್ಯದ ಕೆಲಸ.

ಈ ಅಳತೆ ಏಕೆ ಮುಖ್ಯ? ತುಪ್ಪವನ್ನು ನೆನಪಿಸಿಕೊಳ್ಳಿ. ಚಳಿಗಾಲದಲ್ಲಿ ಗಟ್ಟಿಯಾಗಿ ಹರಳುಗಟ್ಟಿದ ತುಪ್ಪವನ್ನು ಒಲೆಯ ಪಕ್ಕ ಇಟ್ಟರೆ ಒಮ್ಮೆಲೇ ಕರಗುವುದಿಲ್ಲ. ಮೊದಲು ಮೆತ್ತಗಾಗಿ, ಅರ್ಧ ಕರಗಿ, ಆಮೇಲೆ ತಿಳಿಯಾಗುತ್ತದೆ. ತುಪ್ಪ ಹಲವು ಬಗೆಯ ಕೊಬ್ಬುಗಳ ಮಿಶ್ರಣ, ಆದ್ದರಿಂದ ಹೀಗಾಗುತ್ತದೆ. ಶುದ್ಧವಾದ ಒಂದೇ ವಸ್ತುವಾದರೆ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಕರಗಬೇಕು. ಅದಕ್ಕೇ ಕರಗುವ ಬಿಂದುವನ್ನು ಶುದ್ಧತೆಯ ಪರೀಕ್ಷೆಯಾಗಿ ಬಳಸುತ್ತಾರೆ.

ರೈನಿಟ್ಜರ್ ಅವರ ಪುಡಿ 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿತು. ಆದರೆ ತಿಳಿಯಾಗಲಿಲ್ಲ. ಹಾಲಿನಂತೆ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಆ ಮಬ್ಬು ಥಟ್ಟನೆ ಮಾಯವಾಗಿ ದ್ರವ ನೀರಿನಂತೆ ತಿಳಿಯಾಯಿತು. ತಣಿಸುತ್ತ ಬಂದಾಗ ನೀಲಿ, ನೇರಳೆ ಬಣ್ಣಗಳು ಮೂಡಿ ಮರೆಯಾದವು. ಮತ್ತೆ ಮಬ್ಬು, ಮತ್ತೆ ಬಣ್ಣ, ಕೊನೆಗೆ ಗಟ್ಟಿ. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು ಇದ್ದಂತಾಯಿತು.

ಕೊಲೆಸ್ಟ್ರಾಲ್‌ನ ಸಂಯುಕ್ತಗಳು ತಣಿಯುವಾಗ ಬಣ್ಣ ತೋರಿಸುವುದನ್ನು ಅವರಿಗಿಂತ ಮೊದಲೇ ಕೆಲವರು ಕಂಡಿದ್ದರು, ಬರೆದೂ ಇದ್ದರು. ಆದರೆ ಅದು ಮುಂದೆ ಹೋಗಿರಲಿಲ್ಲ. ಪ್ರಯೋಗಾಲಯದಲ್ಲಿ ಇಂಥದ್ದು ಕಂಡರೆ ಯಾರಿಗಾದರೂ ಮೊದಲು ಬರುವ ಯೋಚನೆ ಒಂದೇ: ಪುಡಿಯಲ್ಲಿ ಬೆರಕೆ ಇದೆ.

ರೈನಿಟ್ಜರ್ ಅವರಿಗೂ ಆ ಅನುಮಾನ ಇರಲೇಬೇಕಿತ್ತು. ಆದರೆ ಬೆರಕೆ ಇದ್ದರೆ ತುಪ್ಪದಂತೆ ನಿಧಾನವಾಗಿ, ಅಸ್ಪಷ್ಟವಾಗಿ ಕರಗಬೇಕು. ಇಲ್ಲಿ ಎರಡೂ ಬಿಂದುಗಳು ಸ್ಪಷ್ಟವಾಗಿದ್ದವು. ಬಿಸಿ ಮಾಡಿದಾಗ ಆದದ್ದು ತಣಿಸಿದಾಗ ಹಿಮ್ಮುಖವಾಗಿ ಆಗುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ ಫಲಿತಾಂಶ. ದೋಷ ತಯಾರಿಕೆಯಲ್ಲಿಲ್ಲ, ಇದು ವಸ್ತುವಿನ ಗುಣವೇ ಇರಬೇಕು ಎಂಬ ತೀರ್ಮಾನದ ಹತ್ತಿರಕ್ಕೆ ಅವರು ಬಂದರು.

ಗೊತ್ತಿದ್ದವರಿಗೆ ಒಂದು ಪತ್ರ

ಮುಂದಿನ ಹೆಜ್ಜೆ ರೈನಿಟ್ಜರ್ ಅವರ ಸ್ವಭಾವವನ್ನು ತೋರಿಸುತ್ತದೆ. ಮಬ್ಬು ದ್ರವದ ಒಳಗೆ ಏನಿದೆ ಎಂದು ನೋಡಲು ಬೇಕಾದ ಉಪಕರಣ ಅವರ ಬಳಿ ಇರಲಿಲ್ಲ. ಅದು ಅವರ ವಿಷಯವೂ ಆಗಿರಲಿಲ್ಲ. ಜರ್ಮನಿಯ ಆಹೆನ್ ನಗರದಲ್ಲಿ ಓಟ್ಟೊ ಲೇಮಾನ್ ಎಂಬ ಭೌತವಿಜ್ಞಾನಿ ಇದ್ದರು. ವಸ್ತುವನ್ನು ಬಿಸಿ ಮಾಡುತ್ತಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ವ್ಯವಸ್ಥೆಯನ್ನು ಅವರು ಕಟ್ಟಿಕೊಂಡಿದ್ದರು. ಅದಕ್ಕೆ ಧ್ರುವೀಕೃತ ಬೆಳಕನ್ನೂ ಬಳಸುತ್ತಿದ್ದರು. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕು ಅದು. ಹರಳಿನೊಳಗೆ ಅಣುಗಳು ಒಂದು ಕ್ರಮದಲ್ಲಿ ನಿಂತಿದ್ದರೆ ಈ ಬೆಳಕು ಅದನ್ನು ಬಯಲು ಮಾಡುತ್ತದೆ.

1888ರ ಮಾರ್ಚ್ 14ರಂದು 31 ವರ್ಷದ ರೈನಿಟ್ಜರ್ 33 ವರ್ಷದ ಲೇಮಾನ್‌ಗೆ ಪತ್ರ ಬರೆದರು. 16 ಪುಟಗಳ ಆ ಪತ್ರದಲ್ಲಿ ತಾವು ಕಂಡದ್ದನ್ನೆಲ್ಲ ವಿವರಿಸಿ, ಪುಡಿಯ ಮಾದರಿಗಳನ್ನೂ ಕಳಿಸಿದರು. ಲೇಮಾನ್ ನೋಡಿದಾಗ ಆ ಮಬ್ಬು ದ್ರವ ಹರಿಯುತ್ತಿತ್ತು. ಜೊತೆಗೆ ಧ್ರುವೀಕೃತ ಬೆಳಕಿನಲ್ಲಿ ಹರಳಿನಂತೆಯೇ ವರ್ತಿಸುತ್ತಿತ್ತು. ಇಬ್ಬರ ನಡುವೆ ಕೆಲವು ವಾರ ಪತ್ರಗಳು ಓಡಾಡಿದವು. ಮೇ 3ರಂದು ವಿಯೆನ್ನಾದಲ್ಲಿ ರಸಾಯನವಿಜ್ಞಾನಿಗಳ ಸಭೆಯಲ್ಲಿ ರೈನಿಟ್ಜರ್ ತಮ್ಮ ಫಲಿತಾಂಶ ಮಂಡಿಸಿದರು. ಅದೇ ವರ್ಷ ಕೊಲೆಸ್ಟ್ರಾಲ್ ಕುರಿತ ಅವರ ಲೇಖನ ಪ್ರಕಟವಾಯಿತು. ಅದರಲ್ಲಿ ಲೇಮಾನ್ ಅವರ ನೆರವನ್ನು ಅವರು ಮುಚ್ಚಿಡಲಿಲ್ಲ.

ಇಷ್ಟು ಮಾಡಿ ರೈನಿಟ್ಜರ್ ತಮ್ಮ ಸಸ್ಯಗಳ ಕೆಲಸಕ್ಕೆ ಮರಳಿದರು. ಆ ವಿಚಿತ್ರ ದ್ರವವನ್ನು ಲೇಮಾನ್ ಮುಂದುವರಿಸಿಕೊಂಡು ಹೋದರು. 1889ರಲ್ಲಿ ಹರಿಯುವ ಹರಳುಗಳ ಬಗ್ಗೆ ಲೇಖನ ಬರೆದರು. ಮುಂದೆ ಅವಕ್ಕೆ ದ್ರವಸ್ಫಟಿಕ ಎಂಬ ಹೆಸರು ನಿಂತಿತು.

ದ್ರವವೂ ಹೌದು, ಹರಳೂ ಹೌದು ಎಂದರೇನು? ಮಳೆಗಾಲದ ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿಗಳನ್ನು ಊಹಿಸಿಕೊಳ್ಳಿ. ಯಾವುದೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಎಲ್ಲವೂ ಸರಿಯುತ್ತಿರುತ್ತವೆ. ಆದರೂ ಹೆಚ್ಚಿನವು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ದ್ರವಸ್ಫಟಿಕದ ಉದ್ದನೆಯ ಅಣುಗಳೂ ಹೀಗೆ, ಜಾಗ ಬದಲಿಸುತ್ತವೆ, ದಿಕ್ಕು ಉಳಿಸಿಕೊಳ್ಳುತ್ತವೆ.

ಬೆರಕೆಯ ಆರೋಪ, ಹೆಸರಿನ ಜಗಳ

ವಿಜ್ಞಾನ ಜಗತ್ತು ಇದನ್ನು ತಕ್ಷಣ ಒಪ್ಪಲಿಲ್ಲ. ಹರಳು ಎಂದರೆ ಗಟ್ಟಿ, ದ್ರವ ಎಂದರೆ ಅಂಕೆಯಿಲ್ಲದ್ದು. ಎರಡೂ ಒಂದೇ ಆಗುವುದು ಹೇಗೆ? ಗುಸ್ತಾವ್ ಟಾಮ್ಮನ್ ಅವರಂಥ ಹೆಸರಾಂತ ರಸಾಯನವಿಜ್ಞಾನಿಗಳೇ ಇದು ಬೆರಕೆಯ ಆಟ ಎಂದು ವಾದಿಸಿದರು. ನೀರಿನಲ್ಲಿ ಎಣ್ಣೆಯ ಹನಿಗಳು ಬೆರೆತು ಮಬ್ಬಾಗಿ ಕಾಣುವಂತೆ ಇಲ್ಲಿಯೂ ಎರಡು ವಸ್ತುಗಳು ಬೆರೆತಿವೆ ಎಂಬುದು ಅವರ ಅಭಿಪ್ರಾಯ. ಪುಡಿಯನ್ನು ಎಷ್ಟು ಶುದ್ಧ ಮಾಡಿದರೂ ಮಬ್ಬು ಹೋಗಲಿಲ್ಲ, ಆ ಎರಡು ಬಿಂದುಗಳೂ ಅಳಿಸಲಿಲ್ಲ. ಜರ್ಮನಿಯ ಹಾಲೆ ನಗರದಲ್ಲಿ ಡೇನಿಯಲ್ ಫೋರ್ಲೆಂಡರ್ ಮತ್ತು ಅವರ ವಿದ್ಯಾರ್ಥಿಗಳು ಇಂಥ ಗುಣವುಳ್ಳ ನೂರಾರು ಹೊಸ ವಸ್ತುಗಳನ್ನು ತಯಾರಿಸಿ ತೋರಿಸಿದ ಮೇಲೆ ಬೆರಕೆಯ ವಾದ ಕ್ಷೀಣಿಸಿತು.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ದ್ರವಸ್ಫಟಿಕ ಕಂಡುಹಿಡಿದವರು ಯಾರು? ವರ್ಷಗಟ್ಟಲೆ ದುಡಿದು, ಬರೆದು, ಭಾಷಣ ಮಾಡಿ ಇದನ್ನು ಪ್ರಸಿದ್ಧ ಮಾಡಿದವರು ಲೇಮಾನ್. ಆ ಕಾರಣಕ್ಕೆ ಶ್ರೇಯವೂ ಅವರ ಕಡೆಗೇ ವಾಲಿತು. ಅಷ್ಟು ಹೊತ್ತಿಗೆ ರೈನಿಟ್ಜರ್ ಆಸ್ಟ್ರಿಯಾದ ಗ್ರಾಜ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಸುಮಾರು 20 ವರ್ಷ ಸುಮ್ಮನಿದ್ದ ಅವರು 1908ರಲ್ಲಿ ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ ದ್ರವಸ್ಫಟಿಕದ ಇತಿಹಾಸ ಕುರಿತು ಲೇಖನ ಬರೆದು, ತಮ್ಮ ಪಾಲು ಏನೆಂದು ದಾಖಲಿಸಿದರು. ಇಂದು ಹೆಚ್ಚಿನ ಪುಸ್ತಕಗಳು ಮೊದಲು ಕಂಡ ಶ್ರೇಯವನ್ನು ರೈನಿಟ್ಜರ್‌ಗೆ, ಅದೇನೆಂದು ಬಿಡಿಸಿ ಹೇಳಿದ ಶ್ರೇಯವನ್ನು ಲೇಮಾನ್‌ಗೆ ಕೊಡುತ್ತವೆ. ಪತ್ರಗಳನ್ನು ನೋಡಿದರೆ ಈ ಹಂಚಿಕೆ ನ್ಯಾಯವೆಂದೇ ನಮಗೆ ಅನ್ನಿಸುತ್ತದೆ.

1909-10ರಲ್ಲಿ ರೈನಿಟ್ಜರ್ ಗ್ರಾಜ್‌ನ ಆ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆಗಿದ್ದರು. 1927ರ ಫೆಬ್ರವರಿ 16ರಂದು, 70 ತುಂಬಲು ಒಂಬತ್ತು ದಿನ ಬಾಕಿ ಇರುವಾಗ, ಅಲ್ಲಿಯೇ ತೀರಿಕೊಂಡರು. ಲೇಮಾನ್ 1922ರಲ್ಲೇ ಹೋಗಿದ್ದರು. ತಾವು ಕಂಡ ಆ ಮಬ್ಬು ದ್ರವದಿಂದ ಮುಂದೆ ಪರದೆಗಳಾಗುತ್ತವೆ ಎಂಬುದು ಇಬ್ಬರಿಗೂ ಗೊತ್ತಾಗಲಿಲ್ಲ.

ಪರದೆಗೆ ಬಂದ ದಾರಿ

ನಂತರ ಹಲವು ದಶಕ ದ್ರವಸ್ಫಟಿಕ ಒಂದು ಕುತೂಹಲದ ವಸ್ತುವಾಗಿ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮೈಯರ್ ಮತ್ತು ಸಂಗಡಿಗರು ವಿದ್ಯುತ್ತಿನಿಂದ ದ್ರವಸ್ಫಟಿಕವನ್ನು ನಿಯಂತ್ರಿಸುವ ಪರದೆಯನ್ನು ಜನರ ಮುಂದಿಟ್ಟರು. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ತಂಡ ಕೋಣೆಯ ಉಷ್ಣತೆಯಲ್ಲಿಯೂ ಸ್ಥಿರವಾಗಿರುವ ದ್ರವಸ್ಫಟಿಕಗಳನ್ನು ಪ್ರಕಟಿಸಿತು. ಅದಾದ ಮೇಲೆ ವಾಚು, ಕ್ಯಾಲ್ಕುಲೇಟರ್‌ಗಳಿಗೆ ದಾರಿ ಸುಗಮವಾಯಿತು.

ಈ ಕಥೆಯಲ್ಲಿ ನಮ್ಮ ಕರ್ನಾಟಕವೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಇವರು ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರ್ ಅಲ್ಲ, ಬೇರೆಯವರು. ಅಲ್ಲಿಯವರೆಗೆ ಉದ್ದನೆಯ, ಕಡ್ಡಿಯಂಥ ಅಣುಗಳು ಮಾತ್ರ ಹೀಗೆ ವರ್ತಿಸುತ್ತವೆ ಎಂದು ತಿಳಿದಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಸುಕಾಗದಿರಲು ಮುಂದೆ ಬಳಕೆಗೆ ಬಂದ ಒಂದು ಬಗೆಯ ಹಾಳೆಯಲ್ಲಿ ಇಂಥ ಬಿಲ್ಲೆ ಅಣುಗಳೇ ಇವೆ.

ಹಾಗಾದರೆ ಆ ಕಪ್ಪು ಚುಕ್ಕೆ ಏನು?

ಎಲ್‌ಸಿಡಿ ಮಾನಿಟರ್‌ನಲ್ಲಿ ಎರಡು ಗಾಜಿನ ನಡುವೆ ಕೂದಲಿಗಿಂತ ಎಷ್ಟೋ ತೆಳುವಾದ ದ್ರವಸ್ಫಟಿಕದ ಪದರ ಇರುತ್ತದೆ. ಹಿಂದಿನಿಂದ ಬೆಳಕು ಬರುತ್ತದೆ. ಧ್ರುವೀಕೃತ ಬೆಳಕಿಗೆ ದಾರಿ ಬಿಡಬೇಕೋ ತಡೆಯಬೇಕೋ ಎಂಬುದು ಅಣುಗಳು ಯಾವ ದಿಕ್ಕಿಗೆ ತಿರುಗಿವೆ ಎಂಬುದರ ಮೇಲೆ ನಿಂತಿದೆ. ಅವುಗಳನ್ನು ತಿರುಗಿಸುವುದು ವಿದ್ಯುತ್. ಲೇಮಾನ್ ತಮ್ಮ ಸೂಕ್ಷ್ಮದರ್ಶಕದಲ್ಲಿ ಕಂಡ ಗುಣವನ್ನೇ ಇಲ್ಲಿ ದುಡಿಸಿಕೊಳ್ಳಲಾಗಿದೆ.

ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಪಿಕ್ಸೆಲ್‌ಗಳಿವೆ. ಒಂದೊಂದಕ್ಕೂ ಬೇರೆ ಟ್ರಾನ್ಸಿಸ್ಟರ್ ಬೇಕು. 3440 x 1440 ಅಳತೆಯ ಅಲ್ಟ್ರಾವೈಡ್ ಪರದೆಯಲ್ಲಿ 49,53,600 ಪಿಕ್ಸೆಲ್‌ಗಳಿವೆ. ಅಂದರೆ ಸುಮಾರು 1 ಕೋಟಿ 48 ಲಕ್ಷ ಉಪಪಿಕ್ಸೆಲ್‌ಗಳು. ಪರದೆ 34 ಇಂಚಿನದಾದರೆ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.23 ಮಿಲಿಮೀಟರ್. ಇಷ್ಟರಲ್ಲಿ ಒಂದೆರಡು ಟ್ರಾನ್ಸಿಸ್ಟರ್ ಕೈಕೊಟ್ಟರೂ ಅದು ಕಣ್ಣಿಗೆ ಬೀಳುತ್ತದೆ. ಐಪಿಎಸ್ ಮತ್ತು ವಿಎ ಮಾದರಿಯ ಪರದೆಗಳಲ್ಲಿ ವಿದ್ಯುತ್ ತಲುಪದ ಪಿಕ್ಸೆಲ್ ಕಪ್ಪಾಗಿ ಕಾಣುತ್ತದೆ. ಇದು ಸತ್ತ ಪಿಕ್ಸೆಲ್. ಉಪಪಿಕ್ಸೆಲ್ ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡು ಕೆಂಪು, ಹಸಿರು ಅಥವಾ ನೀಲಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ಅಂಟಿಕೊಂಡ ಪಿಕ್ಸೆಲ್.

ಪೂರ್ತಿ ಪರದೆಯನ್ನು ಒಂದು ಚುಕ್ಕೆಗಾಗಿ ಎಸೆದರೆ ಬೆಲೆ ಏರುತ್ತದೆ ಎಂಬ ಕಾರಣಕ್ಕೆ ಎಷ್ಟು ದೋಷ ಸಹಿಸಬಹುದು ಎಂಬ ಲೆಕ್ಕವೂ ಬಂತು. ಐಎಸ್‌ಒ 13406-2 ಎಂಬ 2001ರ ಅಂತರರಾಷ್ಟ್ರೀಯ ಮಾನದಂಡದಲ್ಲಿ 1ನೇ ವರ್ಗದ ಪರದೆಯಲ್ಲಿ ಒಂದೂ ದೋಷ ಇರಬಾರದು. 2ನೇ ವರ್ಗದಲ್ಲಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಹೊಳೆಯುವ 2, ಸದಾ ಕಪ್ಪಾಗಿರುವ 2, ಕೆಟ್ಟ ಉಪಪಿಕ್ಸೆಲ್ 5 ಇರಬಹುದು. ಇದೇ ಲೆಕ್ಕ ನಮ್ಮ ಅಲ್ಟ್ರಾವೈಡ್‌ಗೆ ಹಾಕಿದರೆ ಕಪ್ಪು ಚುಕ್ಕೆಗಳೇ 10ರ ಹತ್ತಿರ ಆಗುತ್ತವೆ! 2008ರಲ್ಲಿ ಹೊಸ ಮಾನದಂಡಗಳು ಬಂದವು. ಆದರೂ ವಾರಂಟಿಯಲ್ಲಿ ಎಷ್ಟು ಚುಕ್ಕೆಗಳವರೆಗೆ ಬದಲಿಸಿಕೊಡುವುದಿಲ್ಲ ಎಂದು ಬರೆಯುವ ರೂಢಿ ಉಳಿದಿದೆ. ಇದು ಕಂಪನಿಯಿಂದ ಕಂಪನಿಗೆ ಬೇರೆ. ಕೊಳ್ಳುವ ಮೊದಲೇ ಓದಿಕೊಳ್ಳಿ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಬೆರಳಿನಿಂದ ಒತ್ತಿ ಉಜ್ಜಿದರೆ ಸರಿಹೋಗುತ್ತದೆ.
ವಾಸ್ತವ: ಒತ್ತಡದಿಂದ ಕೆಟ್ಟ ಟ್ರಾನ್ಸಿಸ್ಟರ್ ದುರಸ್ತಿಯಾಗುವುದಿಲ್ಲ. ಜೋರಾಗಿ ಒತ್ತಿದರೆ ಪಕ್ಕದ ಪಿಕ್ಸೆಲ್‌ಗಳಿಗೂ ಹಾನಿಯಾಗಬಹುದು. ಆಗ ವಾರಂಟಿ ಕೇಳುವುದೂ ಕಷ್ಟ.

ನಂಬಿಕೆ: ಬಣ್ಣ ಮಿನುಗುವ ವಿಡಿಯೋ ಎಲ್ಲ ಚುಕ್ಕೆಗಳಿಗೂ ಮದ್ದು.
ವಾಸ್ತವ: ಅಂಟಿಕೊಂಡ ಪಿಕ್ಸೆಲ್ ಕೆಲವೊಮ್ಮೆ ಮತ್ತೆ ಕೆಲಸ ಮಾಡುವುದುಂಟು, ಖಾತರಿ ಇಲ್ಲ. ವಿದ್ಯುತ್ತೇ ತಲುಪದ ಸತ್ತ ಪಿಕ್ಸೆಲ್‌ಗೆ ವಿಡಿಯೋ ಏನೂ ಮಾಡಲಾರದು. ಇದಕ್ಕೆ ಕಾಯುತ್ತ ಕೂತು ವಾಪಸ್ ಕೊಡುವ ಅವಧಿ ಮುಗಿಸಿಕೊಳ್ಳಬೇಡಿ.

ನಂಬಿಕೆ: ಒಂದು ಚುಕ್ಕೆ ಬಂದರೆ ಸೋಂಕಿನಂತೆ ಹರಡುತ್ತದೆ.
ವಾಸ್ತವ: ಒಂದು ಉಪಪಿಕ್ಸೆಲ್‌ನ ಟ್ರಾನ್ಸಿಸ್ಟರ್ ಕೆಟ್ಟರೆ ಪಕ್ಕದ್ದು ಅದರಿಂದ ಕೆಡುವುದಿಲ್ಲ. ಪೆಟ್ಟು ಬಿದ್ದು ಗಾಜು ಬಿರಿದಿದ್ದರೆ ಕಪ್ಪು ಮಚ್ಚೆ ದೊಡ್ಡದಾಗಬಹುದು. ಅದು ಬೇರೆ ಸಮಸ್ಯೆ.

ನಂಬಿಕೆ: ದುಬಾರಿ ಮಾನಿಟರ್‌ನಲ್ಲಿ ಇಂಥದ್ದು ಬರುವುದಿಲ್ಲ.
ವಾಸ್ತವ: ಪಿಕ್ಸೆಲ್ ಹೆಚ್ಚಿದಷ್ಟೂ ದೋಷಕ್ಕೆ ಅವಕಾಶವೂ ಹೆಚ್ಚು. ಒಎಲ್‌ಇಡಿ ಪರದೆಯಲ್ಲಿ ದ್ರವಸ್ಫಟಿಕ ಇಲ್ಲ, ಪಿಕ್ಸೆಲ್‌ಗಳೇ ಬೆಳಕು ಕೊಡುತ್ತವೆ. ಅಲ್ಲಿಯೂ ಕೆಟ್ಟ ಪಿಕ್ಸೆಲ್ ಇರಬಹುದು.

ಏನು ಮಾಡಬೇಕು?

ರೈನಿಟ್ಜರ್ ಮಾಡಿದ್ದನ್ನೇ ಮಾಡಿ. ಮೊದಲು ಬೆರಕೆ ಇದೆಯೇ ನೋಡಿ: ಮಾನಿಟರ್ ಆರಿಸಿ, ಒಣಗಿದ ಮೃದು ಬಟ್ಟೆಯಿಂದ ಒರೆಸಿ. ದೂಳಾಗಿದ್ದರೆ ಹೋಗುತ್ತದೆ. ಆಮೇಲೆ ಪರೀಕ್ಷೆಯನ್ನು ಪುನರಾವರ್ತಿಸಿ: ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿ. ಎಲ್ಲ ಬಣ್ಣದಲ್ಲಿಯೂ ಕಪ್ಪಾಗಿಯೇ ಇದ್ದರೆ ಅದು ಸತ್ತ ಪಿಕ್ಸೆಲ್. ಕಪ್ಪು ಹಿನ್ನೆಲೆಯಲ್ಲಿ ಹೊಳೆದರೆ ಅಂಟಿಕೊಂಡದ್ದು. ಬೇರೆ ಕೇಬಲ್, ಬೇರೆ ಕಂಪ್ಯೂಟರ್‌ನಲ್ಲಿಯೂ ಅದೇ ಜಾಗದಲ್ಲಿ ಕಾಣುತ್ತದೆಯೇ ನೋಡಿ. ಎಲ್ಲವನ್ನೂ ದಾಖಲಿಸಿ: ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೋ ಮಾಡಿ, ಚುಕ್ಕೆಯ ಫೋಟೋ ತೆಗೆದು, ಬಿಲ್ ಜೋಪಾನವಾಗಿಡಿ. ಕೊನೆಯದಾಗಿ, ಉತ್ತರ ಕೊಡಬಲ್ಲವರಿಗೆ ಬರೆಯಿರಿ: ವಾಪಸ್ ಅವಧಿಯೊಳಗೆ ಮಾರಾಟಗಾರರಿಗೆ, ಅದು ಮುಗಿದಿದ್ದರೆ ಕಂಪನಿಯ ಸೇವಾಕೇಂದ್ರಕ್ಕೆ. ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ರೈನಿಟ್ಜರ್ ಕಂಡದ್ದು ದೋಷವಾಗಿರಲಿಲ್ಲ, ನಿಮ್ಮ ಮಾನಿಟರ್‌ನಲ್ಲಿ ಇರುವುದು ಬಹುಶಃ ದೋಷವೇ. ಎರಡನ್ನೂ ಬೇರ್ಪಡಿಸಿ ಹೇಳಲು ಬೇಕಾದ ಪರೀಕ್ಷೆ ಮಾತ್ರ ಒಂದೇ ರೀತಿಯದು. ಅದಕ್ಕೆ ಅರ್ಧ ಗಂಟೆ ಸಾಕು. ಮಾನಿಟರ್ ಬಂದ ದಿನವೇ ಮಾಡಿಬಿಡಿ.